ಕುಲುಮೆ ಬಾಗಿಲ ಕೊಕ್ಕೆ

ಮುರಿಯುವುದೇ ಅವಳ ಕಸುಬು. ಹೀಗೆಂದರೆ ಕೇಳಿದವರು ನಕ್ಕುಬಿಡುತ್ತಾರೆ, ನಗಲಿ ಬಿಡಿ. ಉಕ್ಕಿನ ಕಾರ್ಖಾನೆಯ ಪರೀಕ್ಷೆ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಅವಳು ಮಾಡಿದ್ದು ಅದೊಂದೇ. ಬೆರಳಿನ ಗಾತ್ರದ ಉಕ್ಕಿನ ತುಂಡು, ಅದರ ನಡುವೆ ಒಂದು ಕಚ್ಚು. ಅದನ್ನು ಮಂಜುಗಡ್ಡೆ ನೀರಿನಲ್ಲಿ ಮುಳುಗಿಸಿ, ಇಕ್ಕಳದಲ್ಲಿ ಎತ್ತಿ ಯಂತ್ರದ ಕೆಳಗೆ ಕೂರಿಸಿ, ಮೇಲೆ ತೂಗುವ ಸುತ್ತಿಗೆಯ ಕೊಂಡಿ ಕಳಚಿದರೆ ಠಣ್! ತುಂಡು ಎರಡಾಗುತ್ತದೆ, ಪಕ್ಕದ ಮುಳ್ಳು ಒಂದು ಅಂಕಿ ತೋರಿಸುತ್ತದೆ. ಮುರಿಯುವ ಮುಂಚೆ ಉಕ್ಕು ಎಷ್ಟು ಪೆಟ್ಟು ನುಂಗಿಕೊಂಡಿತು ಅನ್ನುವುದೇ ಆ ಅಂಕಿ. ಐವತ್ತರ ಆಚೀಚೆ ಬಂದರೆ ಗಟ್ಟಿಗ. ನಲವತ್ತಕ್ಕಿಂತ ಕೆಳಗಿಳಿದರೆ ಆ ಸರಕು ಗೇಟು ದಾಟುವ ಹಾಗಿಲ್ಲ. ಕುಲುಮೆ ಕಡೆಯವರು ಅವಳಿಗೆ ಮುರುಕಮ್ಮ ಅಂತ ಹೆಸರಿಟ್ಟಿದ್ದರು. ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

ಆ ಸೋಮವಾರ ಬೆಳಗ್ಗೆ ಮುರಿದದ್ದು ಮಾತ್ರ ಅವಳ ಕೈಯಲ್ಲಲ್ಲ. ಅವಳ ಗಂಡ ಸರಕಿನ ಅಂಗಳವೊಂದರಲ್ಲಿ ಕ್ರೇನಿಗೆ ಭಾರ ಕಟ್ಟಿ, ಕೈಸನ್ನೆ ಮಾಡಿ ಎತ್ತಿಸುವ ಮೇಸ್ತ್ರಿ. ಮೈ ಕೊರೆಯುವ ಚಳಿ ಇತ್ತು. ದಿನದ ಮೊದಲ ಭಾರ ನೆಲ ಬಿಟ್ಟು ಮೊಣಕಾಲೆತ್ತರ ಏರಿತ್ತಷ್ಟೇ, ಕೊಕ್ಕೆಯನ್ನು ಹಿಡಿದಿದ್ದ ಉಕ್ಕಿನ ಪಿನ್ನು ಪಟ್ಟನೆ ಮುರಿಯಿತು. ಬಾಗಲಿಲ್ಲ, ಕಿರುಗುಟ್ಟಲಿಲ್ಲ, ಒಂದು ಸೂಚನೆ ಅಂತ ಕೊಡಲಿಲ್ಲ. ಭಾರ ಬಂದು ಅವನ ಎಡಗಾಲ ಮೇಲೆ ಕೂತಿತು. ಎರಡು ಬೆರಳು ಹೋದವು, ಪಾದದ ಮೂಳೆ ಮೂರು ಕಡೆ ಮುರಿಯಿತು. ಪ್ರಾಣ ಉಳಿದದ್ದೇ ಪುಣ್ಯ ಅಂತ ಎಲ್ಲರೂ ಅಂದರು. ಹಾಗಂದವರೇ ಸಂಜೆಯ ಹೊತ್ತಿಗೆ ಗೂಬೆ ತಂದು ಅವನ ಮೇಲೆ ಕೂರಿಸಿದರು. ಮಿತಿ ಮೀರಿ ಭಾರ ಹಾಕಿದ್ದಾನೆ, ಇಲ್ಲದಿದ್ದರೆ ಪಿನ್ನು ಹೇಗೆ ಮುರಿದೀತು ಅಂದರು. ಶುಕ್ರವಾರ ಹನ್ನೊಂದು ಗಂಟೆಗೆ ವಿಚಾರಣೆ. ತಪ್ಪು ಅವನದೇ ಅಂತಾದರೆ ಅವನ ಲೈಸೆನ್ಸು ಹೋಗುತ್ತದೆ. ಹೋದರೆ ಹೋಯಿತು, ಮತ್ತೆ ಯಾವ ಅಂಗಳದಲ್ಲೂ ಅವನು ಕೈಯೆತ್ತಿ ಸನ್ನೆ ಮಾಡುವ ಹಾಗಿಲ್ಲ.

ಇದಕ್ಕೆಲ್ಲ ಆಧಾರ ಒಂದೇ ಒಂದು ಕಾಗದ. ಅವಳ ಕಾರ್ಖಾನೆಯಲ್ಲೇ ತಯಾರಾದ ಆ ಪಿನ್ನಿನ ಪರೀಕ್ಷಾ ಪತ್ರ. ಅಂಕಿ ಐವತ್ತೆರಡು, ಉತ್ತಮ ದರ್ಜೆ. ಕೆಳಗೆ ಸಹಿ ಅವಳದು.

"ಕೈಗೆ ಸಿಕ್ಕಿದ್ದೆಲ್ಲ ಮುರಿದಾಯ್ತು, ಗಂಡನ ಕಾಲೊಂದು ಬಾಕಿ ಇತ್ತು ಅಲ್ವೇನೇ?" ಅಂದ ಗಂಡ, ಮಂಗಳವಾರ ಸಂಜೆ. ಆಸ್ಪತ್ರೆಯ ಹಾಸಿಗೆಯ ಮೇಲೆ ದಿಂಬಿಗೆ ಒರಗಿ, ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದ. ಮಗಳು ಆಗಲೇ ಆ ಪಟ್ಟಿಯ ಮೇಲೆ ಮೀಸೆ ಇರುವ ಒಂದು ಮುಖ ಬರೆದಿದ್ದಳು.

ಅವಳಿಗೆ ನಗು ಬರಲಿಲ್ಲ. "ರೀ, ಒಂದೇ ಸಲ ಕೇಳ್ತೀನಿ. ಭಾರ ಜಾಸ್ತಿ ಹಾಕಿದ್ರಾ?"

ಅವನ ಮುಖ ಕೆಂಪಾಯಿತು. "ನೀನೂ ಶುರು ಮಾಡಿದ್ಯಾ? ಎಂಟು ಟನ್ ತಡೆಯೋ ಪಿನ್ನದು. ನಾನು ಕಟ್ಟಿದ್ದು ಐದು. ತೂಕ ಹಾಕಿಸಿಯೇ ಕಟ್ಟಿದ್ದು. ಆ ಚೀಟಿ ಈಗ ಯಾರ ಕೈಗೂ ಸಿಗ್ತಿಲ್ಲವಂತೆ, ನನ್ನ ಹಣೆಬರಹ!"

"ಸರಿ. ಇನ್ನು ಕೇಳಲ್ಲ."

ಅವಳು ನಂಬಿದಳು. ಹದಿಮೂರು ವರ್ಷ ಸಂಸಾರ ಮಾಡಿದ್ದಾಳೆ. ಮೂಲೆಯಂಗಡಿಗೆ ಹೋಗುವಾಗಲೂ ಎರಡೆರಡು ಸಲ ಬೀಗ ಎಳೆದು ನೋಡುವ ಆಸಾಮಿ ಅವನು. ಆದರೆ ಅವನ ಮಾತು ನಿಜವಾದರೆ ಅವಳ ಅಂಕಿ ಸುಳ್ಳಾಗಬೇಕಿತ್ತು. ಆ ಅಂಕಿಯನ್ನು ಬರೆದದ್ದು ಅವಳೇ. ಮುಳ್ಳು ನಿಂತ ಜಾಗವನ್ನು ಕಣ್ಣಾರೆ ನೋಡಿ ಬರೆದದ್ದು.

ಗಂಡ ಹಾಸಿಗೆಯ ಕೆಳಗಿಂದ ತನ್ನ ಊಟದ ಚೀಲ ಎಳೆದ. "ತಗೋ. ಬಿದ್ದಾಗ ಇದು ಉರುಳಿಕೊಂಡು ನನ್ನ ಹತ್ತಿರಾನೇ ಬಂತು. ಕಾಲು ಪುಡಿಯಾಗ್ತಿದ್ರೂ ಇದನ್ನ ಚೀಲಕ್ಕೆ ಹಾಕ್ಕೊಂಡೆ ನೋಡು, ನನ್ನ ಬುದ್ಧಿಗೆ ನಾನೇ ಭೇಷ್ ಅನ್ಕೊಂಡೆ. ಇನ್ನರ್ಧ ವಿಚಾರಣೆಯವರ ಹತ್ತಿರ ಇದೆ."

ಪಿನ್ನಿನ ಅರ್ಧ ತುಂಡು. ಮಣಿಕಟ್ಟಿನಷ್ಟು ದಪ್ಪ, ಅಂಗೈಯಷ್ಟು ಉದ್ದ. ಅವಳು ಅದನ್ನು ದೀಪದ ಕೆಳಗೆ ಹಿಡಿದು ಮುರಿದ ಮುಖವನ್ನು ನೋಡಿದಳು. ಕಲ್ಲುಪ್ಪಿನ ಹಾಗೆ ಮಿನುಗುತ್ತಿತ್ತು. ಒಂದೊಂದು ಹರಳೂ ಬರಿಗಣ್ಣಿಗೆ ಕಾಣುವಷ್ಟು ದಪ್ಪ.

"ಏನು? ಏನಾಯ್ತು?"

"ಇದು ನನ್ನ ಉಕ್ಕಲ್ಲ," ಅಂದಳು ಅವಳು.

ಗಂಡನಿಗೆ ಅರ್ಥವಾಗಲಿಲ್ಲ. ಅವಳು ಹಾಸಿಗೆಯ ತುದಿಗೆ ಕೂತು ಹೇಳಿದಳು. ಉಕ್ಕಿನ ಒಳಗೆಲ್ಲ ಹರಳುಗಳು, ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಹರಳು ಸಣ್ಣದಿದ್ದರೆ ಬಿರುಕಿಗೆ ಹೆಜ್ಜೆಹೆಜ್ಜೆಗೂ ಒಂದು ಗಡಿ ಅಡ್ಡ ಬರುತ್ತದೆ. ಪ್ರತಿ ಗಡಿಯಲ್ಲೂ ತಡೆದು, ದಾರಿ ತಿರುಗಿಸಿ, ಸುಸ್ತಾಗಿ ನಿಲ್ಲುತ್ತದೆ. ಆಗ ಮುರಿದರೂ ಮುಖ ಮಾಸಲು ಬೂದಿ ಬಣ್ಣಕ್ಕಿರುತ್ತದೆ. ಹರಳು ದೊಡ್ಡದಾದರೆ ತಡೆಯುವವರೇ ಇಲ್ಲ.

"ಅಂದ್ರೆ ಗಲ್ಲಿಗಲ್ಲಿ ಸುತ್ತೋ ಬದಲು ಹೆದ್ದಾರಿ ಸಿಕ್ಕ ಹಾಗೆ," ಅಂದ ಗಂಡ.

"ಹೂಂ. ಚಳಿ ಇದ್ರಂತೂ ಇನ್ನೂ ಸಲೀಸು. ನಿಮ್ಮ ಕಾಲ ಮೇಲೆ ಬಂದಿದ್ದು ಹೆದ್ದಾರೀಲಿ."

ಹರಳು ದೊಡ್ಡದಾಗುವುದು ಒಂದೇ ಕಾರಣಕ್ಕೆ. ಕುಲುಮೆಯಲ್ಲಿ ಬಿಸಿ ಹದ ಮೀರಬೇಕು. ಕುಲುಮೆ ಯಾರದು ಅನ್ನುವುದು ಗಂಡನಿಗೂ ಗೊತ್ತು, ಅವಳಿಗೂ ಗೊತ್ತು.

ಕಾರ್ಖಾನೆಯ ಕುಲುಮೆ ಇದ್ದದ್ದು ಅವಳ ಸೋದರಮಾವನ ಕೈಯಲ್ಲಿ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿ, ಓದಿಸಿ, ಇದೇ ಕಾರ್ಖಾನೆಗೆ ಸೇರಿಸಿದ ತಾಯಿಯ ತಮ್ಮ. ಮೂವತ್ತೊಂದು ವರ್ಷದಿಂದ ಅಲ್ಲಿನ ಬೆಂಕಿ ಅವನ ಮಾತು ಕೇಳಿಕೊಂಡು ಬಂದಿದೆ ಅಂತ ಜನ ಹೇಳುತ್ತಿದ್ದರು. ಅವನೂ ಅಲ್ಲ ಅನ್ನುತ್ತಿರಲಿಲ್ಲ.

ಬುಧವಾರ ಬೆಳಗ್ಗೆ ಅವಳು ಎಲ್ಲರಿಗಿಂತ ಮೊದಲು ಬಂದಳು. ಅವಳದೊಂದು ಪದ್ಧತಿ ಇತ್ತು. ಮುರಿದ ತುಂಡುಗಳನ್ನು ಎಸೆಯುತ್ತಿರಲಿಲ್ಲ. ಎರಡು ಅರ್ಧಗಳನ್ನೂ ತಂತಿಯಲ್ಲಿ ಕಟ್ಟಿ, ಚೀಟಿ ಹಾಕಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಡುತ್ತಿದ್ದಳು. ಇದೇನು ಮೂಳೆ ಸಂಗ್ರಹ ಅಂತ ಎಲ್ಲರೂ ಗೇಲಿ ಮಾಡುತ್ತಿದ್ದರು. ಆ ಪಿನ್ನಿನ ಸರಕಿನ ತುಂಡುಗಳು ಸಿಕ್ಕವು. ಮುಖ ಮಾಸಲು ಬೂದಿ, ಎಳ್ಳಷ್ಟೂ ಹೊಳಪಿಲ್ಲ. ಅದೇ ಉಕ್ಕು, ಅದೇ ಕುಲುಮೆ, ಅದೇ ದಿನ.

ಗಡಸು ಅಳೆಯುವ ಯಂತ್ರದಲ್ಲಿ ಎರಡನ್ನೂ ಒತ್ತಿ ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇದೇ ನೋಡಿ ಮೋಸ. ಗೇಟು ದಾಟುವ ಪ್ರತಿ ಪಿನ್ನಿಗೂ ಗಡಸು ನೋಡುತ್ತಾರೆ, ಆದರೆ ಹರಳು ಸಣ್ಣದೋ ದೊಡ್ಡದೋ ಅಂತ ಗಡಸಿಗೆ ಗೊತ್ತೇ ಆಗುವುದಿಲ್ಲ. ತಾಳಿಕೆ ಗೊತ್ತಾಗಬೇಕಾದರೆ ಮುರಿಯಲೇಬೇಕು. ಮಾರುವ ಪಿನ್ನನ್ನು ಮುರಿಯುವುದಕ್ಕಾಗುತ್ತದೆಯೇ? ಅದಕ್ಕೇ ಅದರ ಜೊತೆ ಬೆಂದ ಪರೀಕ್ಷೆ ತುಂಡು ಅದರ ಪರವಾಗಿ ಮುರಿಯುತ್ತದೆ.

ಮಿಲ್ಲಿಂಗ್ ಯಂತ್ರದ ಮೇಸ್ತ್ರಿಗೆ ಪಿನ್ನಿನ ಅರ್ಧವನ್ನು ಕೊಟ್ಟು, ಅದರೊಳಗಿಂದಲೇ ಮೂರು ತುಂಡು ಕತ್ತರಿಸಿಕೊಡಿ ಅಂದಳು. ಅವನು ತಲೆ ಕೆರೆದುಕೊಂಡ. "ಯಜಮಾನರಿಗೆ ಹೇಳಿದೀಯಾ, ಮುರುಕಮ್ಮ?"

"ಹೇಳ್ತೀನಿ. ನೀವು ಕತ್ತರಿಸಿ."

ಮಧ್ಯಾಹ್ನ ಮೂರನ್ನೂ ಮುರಿದಳು. ಹನ್ನೊಂದು. ಒಂಬತ್ತು. ಹನ್ನೆರಡು. ಸುತ್ತಿಗೆ ತುಂಡನ್ನು ದಾಟಿದ್ದೇ ಗೊತ್ತಾಗದ ಹಾಗೆ ಆಚೆ ಬದಿಗೆ ಎತ್ತರಕ್ಕೆ ಹಾರಿತು. ಅವಳು ಕುರ್ಚಿ ಎಳೆದುಕೊಂಡು ಕೂತಳು. ಗಂಡ ಸುಳ್ಳು ಹೇಳಿಲ್ಲ, ಅಂಕಿಯೂ ಸುಳ್ಳಲ್ಲ. ಒಂದೇ ಕುಲುಮೆಯಲ್ಲಿ ಒಟ್ಟಿಗೆ ಕೂತ ಎರಡು ಉಕ್ಕು ಬೇರೆಬೇರೆಯಾಗಿ ಬೆಂದಿವೆ. ಹೇಗೆ?

ಎದ್ದು ನೇರ ಕುಲುಮೆ ಶೆಡ್ಡಿಗೆ ನಡೆದಳು.

ಮಾವ ಒಲೆಯ ಬಾಗಿಲು ಎತ್ತಿ ಒಳಗೆ ಇಣುಕುತ್ತಿದ್ದ. ಹುಬ್ಬು ಸುಟ್ಟುಹೋಗಿ ವರ್ಷಗಳಾಗಿದ್ದವು, ಹಣೆ ಕನ್ನಡಿಯ ಹಾಗಿತ್ತು. "ಅಳಿಯಂದಿರು ಹೇಗಿದಾರೆ ಮಗಾ? ಊಟ ಮಾಡ್ತಿದಾರಾ?"

"ಮಾಡ್ತಿದಾರೆ. ಮಾವ, ಒಂದು ನಿಮಿಷ ಬಾಗಿಲು ಹಾಗೇ ಹಿಡ್ಕೊಳ್ಳಿ."

ಅವಳು ಅಂಗೈಯನ್ನು ಮುಖಕ್ಕೆ ಅಡ್ಡ ಹಿಡಿದು ನೋಡಿದಳು. ತಟ್ಟೆಯ ಮೇಲೆ ಹನ್ನೆರಡು ಪಿನ್ನು, ಮೂರು ಸಾಲು. ಮುಂದಿನ ಸಾಲು ಕೆಂಪು. ಹಿಂದಿನದು ಕಾಣಲೇ ಇಲ್ಲ, ಹಿಂಬದಿಯ ಬರ್ನರಿನ ಜ್ವಾಲೆ ಕಣ್ಣಿಗೆ ಹೊಡೆಯುತ್ತಿತ್ತು. ಆ ಬರ್ನರು ಹೋದ ವರ್ಷ ಹೊಸದಾಗಿ ಬಂದದ್ದು. ಹಳೆಯದು ಸತ್ತ ಮೇಲೆ ಅದಕ್ಕಿಂತ ದೊಡ್ಡದನ್ನು ತಂದು ಕೂರಿಸಿದ್ದರು. ಬಿಸಿ ಅಳೆಯುವ ಕಡ್ಡಿ ಇದ್ದದ್ದು ಬಾಗಿಲ ಪಕ್ಕ. ಬಾಗಿಲ ಚೌಕಟ್ಟಿನ ಒಳಗೆ, ಕೈಗೆ ಎಟುಕುವ ಹಾಗೆ, ಒಂದು ಪುಟ್ಟ ಕೊಕ್ಕೆ. ಅದಕ್ಕೆ ತಂತಿಯಲ್ಲಿ ತೂಗುಬಿದ್ದಿದ್ದವು ಅವಳ ಪರೀಕ್ಷೆ ತುಂಡುಗಳು.

ಅವಳಿಗೆ ಎಲ್ಲ ಗೊತ್ತಾಗಿಹೋಯಿತು.

"ಮಾವ, ತುಂಡನ್ನ ಬಾಗಿಲ ಹತ್ತಿರಾನೇ ಯಾಕೆ ತೂಗ್ತೀರಿ?"

"ಇದೇನು ಇವತ್ತು ಹೊಸ ಪ್ರಶ್ನೆ?"

"ಹಿಂದಿನ ಸಾಲು ಎಷ್ಟು ಬಿಸಿ ಆಗ್ತಿದೆ, ನೋಡಿದೀರಾ?"

ಮಾವ ಬಾಗಿಲನ್ನು ದಡಾರನೆ ಇಳಿಸಿದ. "ಮೀಟರಿದೆ, ನೋಡ್ಕೋ. ಮೂವತ್ತೊಂದು ವರ್ಷ ಆಯ್ತು ನಾನು ಉಕ್ಕು ಬೇಯಿಸ್ತಾ. ನಿನಗೆ ಅಂಬೆಗಾಲು ಇಡಿಸಿದವನಿಗೇ ಪಾಠ ಹೇಳೋಕೆ ಬಂದ್ಯಾ?"

"ಆ ಮೀಟರಿನ ಕಡ್ಡಿಯೂ ಬಾಗಿಲ ಹತ್ತಿರಾನೇ ಇದೆ ಮಾವ. ತುಂಡೂ ಬಾಗಿಲ ಹತ್ತಿರ. ಎರಡೂ ಸೇರಿ ನಮ್ಮ ಕಣ್ಣಿಗೆ ಮಣ್ಣು ಹಾಕಿವೆ."

ಅವಳು ಜೇಬಿನಿಂದ ಪಿನ್ನಿನ ಮುರಿದ ಚೂರನ್ನು ತೆಗೆದು ಅವನ ಅಂಗೈಗೆ ಇಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ, ಮತ್ತೆ ನೋಡಿದ. ಮುಖದಿಂದ ಸಿಟ್ಟು ಇಳಿದುಹೋಯಿತು.

"ನೀನು ಕೆಲಸಕ್ಕೆ ಸೇರಿದ ವರ್ಷ," ಅಂದ ನಿಧಾನವಾಗಿ. "ನೀನಾಗ ಏಳು ತಿಂಗಳ ಬಸುರಿ. ತುಂಡನ್ನ ಪರೀಕ್ಷೆಯವರೇ ಕೈಯಾರೆ ಎತ್ತಿ ತಣಿಸೋ ಎಣ್ಣೆಗೆ ಹಾಕ್ಬೇಕು, ಯಾರೂ ಅದಲುಬದಲು ಮಾಡಬಾರದು ಅಂತ ನಿಯಮ. ಆಗ ತುಂಡು ಹಿಂದಿನ ಸಾಲಿನಲ್ಲಿ ಇರ್ತಿತ್ತು. ಬಗ್ಗೋಕೆ ಹೋಗಿ ನೀನು ಕೈ ಸುಟ್ಟುಕೊಂಡೆ. ನೆನಪಿದೆಯಾ?"

ನೆನಪಿಲ್ಲದೆ ಏನು? ಮೊಣಕೈ ಕೆಳಗೆ ಗುರುತು ಇನ್ನೂ ಇತ್ತು.

"ಅವತ್ತು ಮಧ್ಯಾಹ್ನವೇ ನಾನು ಈ ಕೊಕ್ಕೆ ಮಾಡಿ ಬೆಸುಗೆ ಹಾಕಿದೆ. ನಿನಗೋಸ್ಕರ ಕಣೇ. ನೀನು ಬಗ್ಗಬಾರದು ಅಂತ. ಆಗಿನ ಬರ್ನರಿಗೆ ಹಿಂದೆ ಮುಂದೆ ಎಲ್ಲ ಒಂದೇ ಬಿಸಿ ಇತ್ತು, ಏನೂ ತೊಂದರೆ ಇರಲಿಲ್ಲ. ಹೊಸದು ಬಂದಾಗ ಕೊಕ್ಕೆ ಕಿತ್ತು ಹಾಕಬೇಕಿತ್ತು. ಹೊಳೀಲಿಲ್ಲ ಮಗಾ, ನನಗೆ ಹೊಳೀಲೇ ಇಲ್ಲ."

ಅವಳಿಗೆ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು. ಆದರೆ ಶುಕ್ರವಾರಕ್ಕೆ ಉಳಿದದ್ದು ಒಂದೇ ದಿನ. ಕಣ್ಣೊರೆಸಿಕೊಂಡಳು. "ನಾಳೆ ಒಂದು ಒಲೆ ಹಾಕೋಣ. ಮೂರು ತುಂಡು ಕೊಕ್ಕೇಲಿ, ಮೂರು ಹಿಂದಿನ ಸಾಲಲ್ಲಿ. ಹಿಂದಿನದನ್ನ ನಾನೇ ತೆಗೀತೀನಿ. ಬರೀ ಮಾತಿಗೆ ಯಾರೂ ಬೆಲೆ ಕೊಡಲ್ಲ."

ಗುರುವಾರ ಬೆಳಗ್ಗೆ ಏಳಕ್ಕೆ ಒಲೆ ಹೊತ್ತಿಸಿದರು. ಹೊತ್ತಾದ ಮೇಲೆ ಅವಳು ಒದ್ದೆ ಟವೆಲನ್ನು ಮುಖಕ್ಕೆ ಸುತ್ತಿಕೊಂಡು, ಹಲ್ಲು ಕಚ್ಚಿಕೊಂಡು, ಇಕ್ಕಳವನ್ನು ಹಿಂದಿನವರೆಗೂ ಚಾಚಿದಳು. ಕೆಂಪು ಅಲ್ಲ, ಹಳದಿಗೆ ತಿರುಗಿದ್ದವು ಅವು. ಎಣ್ಣೆ ತೊಟ್ಟಿಗೆ ಬಿದ್ದಾಗ ಚುರ್ ಅಂತ ಹೊಗೆ ಎದ್ದಿತು. ಹದಕ್ಕೆ ಮತ್ತೆ ಕಾಯಿಸಿ, ಕತ್ತರಿಸಿ, ಕಚ್ಚು ಹಾಕುವ ಹೊತ್ತಿಗೆ ನಾಲ್ಕು ಗಂಟೆ.

ಅಷ್ಟರಲ್ಲಿ ಸುದ್ದಿ ಯಜಮಾನರ ಕಿವಿಗೆ ಬಿದ್ದಿತ್ತು. ಪರೀಕ್ಷೆ ಕೋಣೆಯ ಬಾಗಿಲಲ್ಲಿ ನಿಂತು ಅವರು ಮೆತ್ತಗೆ ಕೇಳಿದರು. "ಏನಮ್ಮ ಇದೆಲ್ಲ? ಹೊಸ ಬರ್ನರ್ ಬಂದ ಮೇಲೆ ಅರವತ್ತು ಪಿನ್ನು ಹೊರಗೆ ಹೋಗಿದೆ. ಇದನ್ನ ನಾಳೆ ಅಲ್ಲಿ ಬಾಯಿ ಬಿಟ್ರೆ ನಮ್ಮ ಗತಿ ಏನು?"

"ಅರವತ್ತು ಹೋಗಿದೆ ಅಂತಾನೇ ಬಾಯಿ ಬಿಡಬೇಕು ಸಾರ್. ಯಾವುದು ಹಿಂದಿನ ಸಾಲಲ್ಲಿ ಕೂತಿತ್ತು, ಯಾವುದು ಮುಂದೆ ಅಂತ ಯಾರೂ ಬರೆದಿಟ್ಟಿಲ್ಲ. ಅರವತ್ತೂ ವಾಪಸ್ ಬರಬೇಕು."

"ಗಂಡನ್ನ ಉಳಿಸಿಕೊಳ್ಳೋಕೆ ಸಾಕಿದ ಮಾವನ ತಲೆಗೆ ಕಟ್ತೀರಾ ಹಾಗಾದ್ರೆ?"

ಆ ಮಾತು ಎದೆಗೆ ನಾಟಿತು. ರಾತ್ರಿಯಿಡೀ ಅವಳೇ ತನಗೆ ಕೇಳಿಕೊಂಡ ಪ್ರಶ್ನೆ ಅದು. ಅಷ್ಟರಲ್ಲಿ ಯಜಮಾನರ ಹಿಂದೆ ಮಾವ ಬಂದು ನಿಂತಿದ್ದ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಅವನು ಆ ಕೋಣೆಗೆ ಕಾಲಿಟ್ಟವನಲ್ಲ. ನಾನು ಬೇಯಿಸಿದ್ದನ್ನ ನೀನು ಮುರಿಯೋದು ನನ್ನಿಂದ ನೋಡೋಕಾಗಲ್ಲ ಅನ್ನುತ್ತಿದ್ದ.

"ಮುರಿ," ಅಂದ ಮಾವ.

ಮೊದಲು ಬಾಗಿಲ ಕೊಕ್ಕೆಯವು. ಐವತ್ತು, ಐವತ್ತಮೂರು, ಐವತ್ತೊಂದು. ಆಮೇಲೆ ಹಿಂದಿನ ಸಾಲಿನವು. ಹತ್ತು. ಹನ್ನೆರಡು. ಮೂರನೆಯದಕ್ಕೆ ಅವಳ ಕೈ ತಡೆಯಿತು. ಮಾವ ತಾನೇ ಮುಂದೆ ಬಂದು ಕೊಂಡಿ ಕಳಚಿದ. ಒಂಬತ್ತು. ಬಗ್ಗಿ ನೆಲದಿಂದ ಎರಡು ಅರ್ಧಗಳನ್ನೂ ಆರಿಸಿಕೊಂಡು, ಕನ್ನಡಕ ಏರಿಸಿ, ಮಿನುಗುವ ಮುಖವನ್ನು ಬಹಳ ಹೊತ್ತು ನೋಡಿದ.

"ನಾಳೆ ನಾನೂ ಬರ್ತೀನಿ," ಅಂದ ಅವಳಿಗೆ. ಯಜಮಾನರ ಕಡೆ ತಿರುಗಲೇ ಇಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದದ ಮೇಜು, ಅದರಾಚೆ ತನಿಖೆಯ ಅಧಿಕಾರಿ, ಪಕ್ಕದಲ್ಲಿ ಅಂಗಳದ ಮ್ಯಾನೇಜರು. ಗಂಡ ಊರುಗೋಲನ್ನು ಗೋಡೆಗೆ ಒರಗಿಸಿ ಕೂತಿದ್ದ. ಮ್ಯಾನೇಜರು ಪರೀಕ್ಷಾ ಪತ್ರವನ್ನು ಮೇಜಿನ ಮೇಲೆ ಬಡಿದು ಹೇಳಿದರು. "ಇವರ ಹೆಂಡತಿಯದೇ ಸಹಿ. ಐವತ್ತೆರಡು. ಇದಕ್ಕಿಂತ ಇನ್ನೇನು ಬೇಕು?"

ಅವಳು ಬಿಸ್ಕತ್ತಿನ ಡಬ್ಬಿ ತೆರೆದು, ಮುರಿದ ತುಂಡುಗಳನ್ನು ಎರಡು ಸಾಲಾಗಿ ಅಧಿಕಾರಿಯ ಮುಂದೆ ಜೋಡಿಸಿದಳು. ಒಂದು ಸಾಲು ಮಾಸಲು, ಇನ್ನೊಂದು ಸಾಲು ಮಿನುಗು. "ಸಹಿ ನನ್ನದೇ, ಅಂಕಿಯೂ ನಿಜ. ಆದ್ರೆ ಅದು ಈ ತುಂಡಿನ ಅಂಕಿ. ಆ ಪಿನ್ನಿನದಲ್ಲ." ಒಂದೊಂದನ್ನೂ ಮುಟ್ಟಿ ತೋರಿಸುತ್ತ ಹೇಳಿಕೊಂಡು ಹೋದಳು. ಕೊನೆಗೆ ಪಿನ್ನಿನ ಚೂರನ್ನು ಮಿನುಗುವ ಸಾಲಿನ ಪಕ್ಕಕ್ಕೆ ಇಟ್ಟಳು. ಅಧಿಕಾರಿ ತಮ್ಮ ಹತ್ತಿರವಿದ್ದ ಇನ್ನರ್ಧವನ್ನು ತರಿಸಿ ಪಕ್ಕದಲ್ಲಿಟ್ಟು ನೋಡಿದರು. ಹೇಳಿಕೊಡುವವರೇ ಬೇಕಿರಲಿಲ್ಲ.

ಅಧಿಕಾರಿ ಪೆನ್ನು ಎತ್ತಿಕೊಂಡರು. "ತುಂಡನ್ನ ಬಾಗಿಲ ಹತ್ತಿರ ತೂಗಿದವರು ಯಾರು?"

ಹಿಂದಿನ ಬೆಂಚಿನಿಂದ ಮಾವ ಎದ್ದು ನಿಂತ. "ನಾನು. ಕುಲುಮೆ ಕೆಲಸದವನು."

"ನನಗೋಸ್ಕರ," ಅಂದಳು ಅವಳು. "ಅದನ್ನೂ ಬರ್ಕೊಳ್ಳಿ ಸಾರ್. ಬಗ್ಗಿ ತೆಗೆಯೋಕೆ ಆಗದಿದ್ದ ದಿನಗಳು ಮುಗಿದ ಮೇಲೂ, ಹನ್ನೆರಡು ವರ್ಷ ಆ ಕೊಕ್ಕೆಯಿಂದಲೇ ತೆಗೆದವಳು ನಾನು. ಬರ್ನರ್ ಬದಲಾಗಿದ್ದು ನನಗೂ ಗೊತ್ತಿತ್ತು. ಒಂದು ದಿನವೂ ಕೇಳಲಿಲ್ಲ. ಭಾರ ಕಟ್ಟಿದವರದು ಮಾತ್ರ ಏನೂ ತಪ್ಪಿಲ್ಲ."

ಅಧಿಕಾರಿ ಬರೆದುಕೊಂಡರು. ಗಂಡ ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಆದೇಶ ಬಂತು. ಅವನ ಲೈಸೆನ್ಸು ಅವನ ಕೈಗೆ, ಅರವತ್ತರಲ್ಲಿ ಉಳಿದ ಐವತ್ತೊಂಬತ್ತು ಪಿನ್ನೂ ಕಾರ್ಖಾನೆಗೆ ವಾಪಸ್. ಅವಳಿಗೂ ಮಾವನಿಗೂ ಲಿಖಿತ ಎಚ್ಚರಿಕೆ.

ಪಿನ್ನುಗಳು ಬರುವುದಕ್ಕೆ ಐದು ವಾರ ಹಿಡಿಯಿತು. ಗಂಡ ಕಾಲು ಚಾಚಿ ಕೂತಲ್ಲಿಂದಲೇ ಅಂಗಳ ಅಂಗಳಕ್ಕೆ ಫೋನು ಮಾಡಿ, ಕೊಡದವರ ಪ್ರಾಣ ಹಿಂಡಿ, ಐವತ್ತೊಂಬತ್ತನ್ನೂ ತರಿಸಿದ. ಮಾವ ಉಳಿ ಹಿಡಿದು ಆ ಕೊಕ್ಕೆಯನ್ನು ತಾನೇ ಕಡಿದುಹಾಕಿದ. ಬರ್ನರನ್ನು ತಿರುಗಿಸಿ ಕೂರಿಸಿದರು, ಬಿಸಿ ಅಳೆಯುವ ಇನ್ನೊಂದು ಕಡ್ಡಿ ಹಿಂಬದಿಗೆ ಬಂತು. ಉಕ್ಕಿನದೊಂದು ದೊಡ್ಡ ಗುಣ ಇದೆ. ಹದವಾದ ಬಿಸಿಗೆ ಮತ್ತೆ ತಂದರೆ ದಪ್ಪ ಹರಳುಗಳ ಜಾಗದಲ್ಲಿ ಹೊಸದಾಗಿ ಸಣ್ಣ ಹರಳು ಹುಟ್ಟುತ್ತವೆ. ಐವತ್ತೊಂಬತ್ತನ್ನೂ ಮತ್ತೆ ಬೇಯಿಸಿದರು, ತಣಿಸಿದರು, ಹದ ಮಾಡಿದರು. ಪ್ರತಿ ಒಲೆಗೂ ಅವಳು ಉದ್ದದ ಇಕ್ಕಳ ಹಿಡಿದು ಹಿಂದಿನ ಸಾಲಿಗೇ ಕೈ ಚಾಚಿದಳು. "ನಿಧಾನ, ನಿಧಾನ!" ಅಂತ ಮಾವ ಹಿಂದೆ ನಿಂತು ಚಡಪಡಿಸುತ್ತಿದ್ದ, ಆದರೆ ತಡೆಯಲಿಲ್ಲ. ಐವತ್ತಕ್ಕಿಂತ ಕೆಳಗೆ ಒಂದು ತುಂಡೂ ಇಳಿಯಲಿಲ್ಲ.

ಗಂಡ ಅಂಗಳಕ್ಕೆ ಮರಳಿದ ದಿನವೂ ಚಳಿ ಇತ್ತು. ಕುಂಟುತ್ತ ಕ್ರೇನಿನ ಬಳಿ ಹೋಗಿ, ಕೊಕ್ಕೆಗೆ ಹಾಕಿದ ಪಿನ್ನಿನ ನಂಬರು ನೋಡಿ, ಅದರ ಪರೀಕ್ಷಾ ಪತ್ರ ಕೊಡಿ ಅಂದ. ಹಿಂದೆ ಯಾರೂ ಹಾಗೆ ಕೇಳಿದ್ದಿಲ್ಲ. ಪತ್ರದಲ್ಲಿ ಹೊಸದೊಂದು ಸಾಲಿತ್ತು. ತುಂಡು ಇಟ್ಟ ಜಾಗ: ಒಲೆಯ ಹಿಂದಿನ ಸಾಲು. ಅಂಕಿ ಐವತ್ತನಾಲ್ಕು. ಕೆಳಗೆ ಹೆಂಡತಿಯ ಸಹಿ. ಅದರ ಪಕ್ಕದಲ್ಲಿ, ಮೂವತ್ತೊಂದು ವರ್ಷ ಬೆಂಕಿ ಕಾದು ಒಂದು ಕಾಗದಕ್ಕೂ ಸಹಿ ಹಾಕದವನ ವಕ್ರವಕ್ರ ಅಕ್ಷರದ ಇನ್ನೊಂದು ಸಹಿ.

ಅವನು ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. ಭಾರ ಕಟ್ಟಿದ, ಕಟ್ಟನ್ನು ಎರಡು ಸಲ ಎಳೆದು ನೋಡಿದ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ಆಮೇಲೆ ಕೈಯೆತ್ತಿ, ಎತ್ತು ಅಂತ ಸನ್ನೆ ಮಾಡಿದ.